ಕೂಗು ಹಾಕದ ಬೆಂಕಿ

ಕೆಂಚಣ್ಣ ಒಡಹುಟ್ಟಿದ ತಮ್ಮನ ಮುಂದಿನ ಹಲ್ಲು ಉದುರಿಸಿದ್ದು ಹೆಣ್ಣಿನ ಸಲುವಾಗಿ ಅಲ್ಲ, ಹೆಂಡದ ಅಮಲಿನಲ್ಲೂ ಅಲ್ಲ. ಒಂದು ಬುಡ ಹುಲ್ಲಿನ ಸಲುವಾಗಿ. ಕೊಂಡ್ಲಹಳ್ಳಿಯ ಟೀ ಅಂಗಡಿಯಲ್ಲಿ ಈ ಸುದ್ದಿ ಕೇಳಿದವರು ಲೋಟ ಕೆಳಗಿಟ್ಟು ನಕ್ಕರು. ನಗುವವರಿಗೇನು, ನಗಬಹುದು. ಅವರು ಕಂಡಿದ್ದ ಹುಲ್ಲು ಬದುವಿನ ಮೇಲೆ ಮೊಣಕಾಲುದ್ದ ಎದ್ದು ಬೇಸಿಗೆಗೆ ಸತ್ತುಹೋಗುವ ಬಡಪಾಯಿ ಹುಲ್ಲು. ಕೆಂಚಣ್ಣನ ಹೊಲದಲ್ಲಿ ನಿಂತಿದ್ದದ್ದು ಕರಡ. ಆಳು ಕೈಯೆತ್ತಿದರೂ ಬೆರಳು ಕಾಣದಷ್ಟು ಎತ್ತರ. ಎತ್ತು ಒಳಗೆ ನುಗ್ಗಿದರೆ ಕೊಂಬು ಕೂಡ ಮುಳುಗುತ್ತಿತ್ತು. ಅಪ್ಪ ನೆಟ್ಟ ಬುಡ ಮಗ ಮುದುಕನಾದರೂ ಚಿಗುರುತ್ತಲೇ ಇರುವಂಥ ಹುಲ್ಲು ಅದು.

ಅವರ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ದನಗಳಿದ್ದವು. ಆ ದನಗಳಿಗೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ, ಹೊಡೆಯುವಂತಿಲ್ಲ. ಅವನ್ನು ಮೇಯಿಸುವವನು ಕಿಲಾರಿ ಬೊಮ್ಮಲಿಂಗಪ್ಪ. ಅವಕ್ಕೆ ಬೇಸಿಗೆಯ ಮೇವು ಬೆಳೆಯುವುದು ಕೆಂಚಣ್ಣನ ಮನೆತನದ ಪಾಲಿಗೆ ಬಂದ ಕೆಲಸ. ಗುಡ್ಡದ ಬುಡದ ಆ ಹೊಲಕ್ಕೆ ಹಿರಿಯರು ಒಂದು ಕಟ್ಟು ಮಾಡಿಟ್ಟಿದ್ದರು. ಕರಡ ನಿಂತಿರುವ ತನಕ ಹೊಲ ದೇವರದು. ಕರಡದ ಬೇರು ಹೋದರೆ ಹೊಲ ಮನೆಯವರದು, ಏನು ಬೇಕಾದರೂ ಬಿತ್ತಿಕೊಳ್ಳಲಿ. ಕರಡದ ಬೇರು ಹೋಗುವುದೆಂದರೇನು, ಸೂರ್ಯ ಪಡುವಣದಲ್ಲಿ ಹುಟ್ಟುವುದೆಂದರೇನು, ಎರಡೂ ಒಂದೇ ಎಂದುಕೊಂಡಿದ್ದರು ಪಾಪ ಆ ಹಿರಿಯರು. ಅವರು ಟ್ರ್ಯಾಕ್ಟರ್ ಕಂಡವರಲ್ಲ.

ಕೆಂಚಣ್ಣನಿಗೆ ಮಕ್ಕಳಿರಲಿಲ್ಲ. ಮಕ್ಕಳ ಮೇಲಿನ ಜೀವವನ್ನೆಲ್ಲ ಅವನು ಆ ಹೊಲಕ್ಕೆ ಸುರಿದಿದ್ದ. ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಹಳೆಯ ಬುಡಗಳನ್ನು ಹಾರೆಯಿಂದ ಮೀಟಿ, ಕೈಯಲ್ಲೇ ಸೀಳಿ, ಬೇರಿನ ಮಣ್ಣು ಉದುರದ ಹಾಗೆ ತೆಳುವಾದ ಕಡೆ ನೆಡುತ್ತಿದ್ದ. ನೆಟ್ಟ ಮೇಲೆ ಹಿಮ್ಮಡಿಯಿಂದ ಒತ್ತಬೇಕು, ಒಳಗೆ ಗಾಳಿ ಹೊಕ್ಕರೆ ಬೇರು ಒಣಗುತ್ತದೆ. ಎಲ್ಲೆಲ್ಲಿಂದಲೋ ಬಂದು ತಲೆಯೆತ್ತುವ ಬಳ್ಳಾರಿ ಜಾಲಿಯ ಸಸಿಗಳನ್ನು ಮುಳ್ಳು ಚುಚ್ಚಿದರೂ ಬುಡಸಮೇತ ಕೀಳಬೇಕು. ಬೀಜ ಉದುರುವ ತನಕ ಕುಡುಗೋಲು ಮುಟ್ಟಿಸಬಾರದು. ಕೊಯ್ಯುವಾಗ ಗೇಣುದ್ದ ಕೂಳೆ ಬಿಡಬೇಕು. ಕೊಯ್ದಾದ ಮೇಲೆ, ಬೇಸಿಗೆ ಬರುವ ಮುಂಚೆ ಕೂಳೆಗೆ ಬೆಂಕಿ ಕೊಡಬೇಕು. ಸುಟ್ಟಷ್ಟೂ ಕರಡ ಹುರುಪಿನಿಂದ ಏಳುತ್ತದೆ. ಬೆಂಕಿಗೆ ಅದು ಹೆದರುವುದಿಲ್ಲ. ಅದು ಹೆದರುವುದು ನೇಗಿಲಿಗೆ, ಅದೂ ಆಳಕ್ಕೆ ಇಳಿದು ಬೇರನ್ನು ಮಗುಚಿ ಬಿಸಿಲಿಗೆ ಒಡ್ಡುವ ನೇಗಿಲಿಗೆ.

ಬೆಂಕಿ ಕೊಡುವುದಕ್ಕೂ ಒಂದು ರೀತಿ ಇತ್ತು. ಕಡ್ಡಿ ಗೀರುವ ಮೊದಲು ಹೊಲದ ಅಂಚಿನಲ್ಲಿ ನಿಂತು ಮೂರು ಸಲ ಕೂಗಬೇಕು: "ಒಳಗಿರೋ ಜೀವ ಹೊರಕ್ಕೆ ಬಾರೋ!" ಮೊಲ, ಗೌಜಲಹಕ್ಕಿ, ಹಾವು, ಯಾವುದೇ ಇರಲಿ, ಎದ್ದು ಹೋಗಲು ಹೊತ್ತು ಕೊಡಬೇಕು. ಹಾಗೆ ಕೂಗದೆ ಹಚ್ಚಿದ ಬೆಂಕಿಯ ನಂತರ ಚಿಗುರಿದ ಹುಲ್ಲನ್ನು ದೇವರ ದನ ಮುಟ್ಟಬಾರದು. ಅದಕ್ಕೇ ಪ್ರತಿ ವರ್ಷ ಹೊಸ ಚಿಗುರಿಗೆ ದನ ಬಿಡುವ ಮುನ್ನ ಬೊಮ್ಮಲಿಂಗಪ್ಪ ಕೇಳುತ್ತಿದ್ದ: "ಕೂಗು ಹಾಕಿದ್ಯಾ?" ಕೆಂಚಣ್ಣ ಮುಂದಿನ ಎತ್ತಿನ ಬೆನ್ನ ಡುಬ್ಬದ, ಆ ಹಿಣಿಲ ಮೇಲೆ ಕೈಯಿಟ್ಟು "ಹಾಕಿದ್ದೆ" ಅನ್ನುತ್ತಿದ್ದ. ಅಷ್ಟಾದರೆ ಮುಳ್ಳಿನ ಬೇಲಿ ಸರಿಯುತ್ತಿತ್ತು.

ತಮ್ಮ ಓಬಳೇಶ ಕೂಡ ಇದನ್ನೆಲ್ಲ ಅಪ್ಪನ ಹಿಂದೆ ಓಡಾಡಿಯೇ ಕಲಿತವನು. ಸಣ್ಣವನಿದ್ದಾಗ ಅಣ್ಣನ ಹೆಗಲ ಮೇಲೆ ಕೂತು, ಬಾಯಿಗೆ ಎರಡೂ ಕೈ ಹಿಡಿದು ಕೂಗು ಹಾಕುತ್ತಿದ್ದವನು ಅವನೇ. ಅವನ ದನಿ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಆದರೆ ಪರಶುರಾಂಪುರದ ಕಡೆಯಿಂದ ಹೆಣ್ಣು ತಂದ ಮೇಲೆ ಅವನ ಕಣ್ಣಿಗೆ ಬೇರೆ ಬಣ್ಣ ಹತ್ತಿತು. ಹೆಂಡತಿ ಜ್ಯೋತಿಲಕ್ಷ್ಮಿಯ ತವರಿನಲ್ಲಿ ಶೇಂಗಾ, ಈರುಳ್ಳಿ, ಅಂಗಳದಲ್ಲಿ ಕೆಂಪು ಟ್ರ್ಯಾಕ್ಟರ್. ಅಲ್ಲಿಗೆ ಹೋದಾಗಲೆಲ್ಲ ಅವಳ ಅಣ್ಣಂದಿರು ಊಟಕ್ಕೆ ಕೂತಲ್ಲೇ ಕೇಳುತ್ತಿದ್ದರು, "ಏನ್ ಭಾವ, ಈ ವರ್ಷ ಹುಲ್ಲು ಚೆನ್ನಾಗಿ ಬಂತಾ?" ಎಲ್ಲರೂ ನಗುತ್ತಿದ್ದರು. ಓಬಳೇಶ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದ.

ತೊಂಬತ್ತೇಳರ ಮುಂಗಾರಿನ ಒಂದು ಬೆಳಿಗ್ಗೆ ಕೆಂಚಣ್ಣ ಹೊಲಕ್ಕೆ ಬಂದರೆ, ಓಬಳೇಶ ಮೂಲೆಯ ಒಂದು ದೊಡ್ಡ ಬುಡವನ್ನು ಹಾರೆ ಹಾಕಿ ಕಿತ್ತು ಬಂಡೆಯ ಮೇಲೆ ಒಣಹಾಕಿದ್ದ. ಅದು ಅಪ್ಪ ನೆಟ್ಟ ಬುಡ.

"ಏನ್ಲೇ ಇದು?"

"ನೋಡ್ತಾ ಇದೀನಿ ಅಣ್ಣ. ಎಷ್ಟು ಆಳಕ್ಕೆ ಹೋಗೈತೆ ಬೇರು ಅಂತ. ಟ್ಯಾಕ್ಟ್ರು ಕುಳ ಮುಟ್ತೈತೆ."

ಕೆಂಚಣ್ಣ ಬಂಡೆಗೆ ಬಗ್ಗಿದ. ಆ ಬುಡವನ್ನೇ ಎತ್ತಿದ. ಮಣ್ಣು, ಕಲ್ಲು, ಬೇರು ಕೂಡಿ ಒಳ್ಳೆ ಗುಂಡಿನಷ್ಟು ಭಾರ ಇತ್ತು. ಅದರಿಂದಲೇ ತಮ್ಮನ ಮುಖಕ್ಕೆ ಬಾರಿಸಿದ. ಓಬಳೇಶ ಕೂತಲ್ಲೇ ಉರುಳಿ, ಬಾಯಿಗೆ ಕೈಯಿಟ್ಟು ತೆಗೆದರೆ ಅಂಗೈಯಲ್ಲಿ ರಕ್ತ, ರಕ್ತದಲ್ಲಿ ಹಲ್ಲು. ಕೆಂಚಣ್ಣ ಅತ್ತ ತಿರುಗಿಯೂ ನೋಡದೆ ಬುಡವನ್ನು ಮತ್ತೆ ಕುಣಿಗೆ ಇಳಿಸಿ ಹಿಮ್ಮಡಿಯಿಂದ ಒತ್ತುತ್ತಿದ್ದ. ಒತ್ತಿದ ಜಾಗವನ್ನೇ ಮತ್ತೆ ಮತ್ತೆ ಒತ್ತುತ್ತಿದ್ದ. ಕೋಪವೋ, ಹೊಡೆದೆನಲ್ಲಾ ಎಂಬ ಸಂಕಟವೋ ಅವನಿಗೇ ತಿಳಿಯಲಿಲ್ಲ.

ಅಲ್ಲಿಂದ ಆ ಮನೆಯಲ್ಲಿ ಶಾಂತಿ ಎನ್ನುವುದು ಸತ್ತಿತು. ಒಲೆ ಎರಡಾಯಿತು. ಓಬಳೇಶ ಕುರಿಮಂದೆಯನ್ನು ಎಳೆ ಕರಡಕ್ಕೆ ನುಗ್ಗಿಸಿದ; ಕೆಂಚಣ್ಣ ಟಗರಿನ ಬೆನ್ನು ಮುರಿದ. ಓಬಳೇಶ ಹಿಂದಿನಿಂದ ಬಂದು ನೊಗದ ಕೋಲಿನಿಂದ ಅಣ್ಣನ ಎಡ ಮುಂಗೈಗೆ ಕೊಟ್ಟ ಏಟಿಗೆ ಮೂಳೆ ಎರಡು ತುಂಡಾಯಿತು. ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಬಂದ ಕೆಂಚಣ್ಣ, ಇನ್ನೊಂದು ಕೈ ಇದೆಯಲ್ಲ ಎಂದು ಅದರಲ್ಲೇ ತಮ್ಮನ ಕುತ್ತಿಗೆ ಹಿಡಿದು ನೀರಿನ ತೊಟ್ಟಿಗೆ ಅದ್ದಿದ. ಬಿಡಿಸಲು ಬಂದ ಕೆಂಚಣ್ಣನ ಹೆಂಡತಿ ರೇಣುಕಮ್ಮನ ತುಟಿಯೂ ಒಡೆಯಿತು. ಒಡೆದದ್ದು ಗಂಡನ ಮೊಣಕೈಯೋ ಮೈದುನನ ಮೊಣಕೈಯೋ ಅವಳು ಯಾವತ್ತೂ ಹೇಳಲಿಲ್ಲ.

"ಹುಲ್ಲು ರೀ ಅದು," ಅಂದಳು ರಾತ್ರಿ ಗಂಡನಿಗೆ ಬಡಿಸುತ್ತ. "ಬರೀ ಹುಲ್ಲು. ಅವ್ನು ನಿಮ್ ತಮ್ಮ."

"ಅವ್ನು ಬೇರು ಕೀಳಾಕೆ ಬಂದೋನು," ಅಂದ ಕೆಂಚಣ್ಣ. "ಬೇರು ಕೀಳೋನು ತಮ್ಮ ಹೆಂಗಾಗ್ತಾನೆ?"

ಒಂದು ಸಂಗತಿ ಮಾತ್ರ ಇಲ್ಲಿ ಹೇಳಲೇಬೇಕು. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಓಬಳೇಶ, ಹಿಂದಿನ ವರ್ಷದ ಮಿಕ್ಕ ಕರಡದ ಬಣವೆಗೆ ಬೆಂಕಿ ಹಾಕಿದ. ಹಟ್ಟಿಯವರ ಕಣ್ಣೆದುರಿಗೇ. ಆದರೆ ಹಾಕುವ ಮೊದಲು ಆ ಪುಣ್ಯಾತ್ಮ ಬಣವೆಯ ಮುಂದೆ ನಿಂತು, ಹಲ್ಲಿಲ್ಲದ ಬಾಯಲ್ಲಿ ಗಾಳಿ ಸೋರಿಸುತ್ತ ಮೂರು ಸಲ ಕೂಗಿದ: "ಒಳಗಿರೋ ಜೀವ ಹೊರಕ್ಕೆ ಬಾರೋ!" ಬಣವೆಯ ಸಂದಿಯಲ್ಲಿ ಮರಿ ಹಾಕಿದ್ದ ನಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೊರಗೆ ಬಂತು. ಅದು ಕೊನೆಯ ಮರಿಯನ್ನೂ ತರುವ ತನಕ ಕಡ್ಡಿಪೆಟ್ಟಿಗೆ ಹಿಡಿದು ಕಾದು ನಿಂತ. ಆಮೇಲೆ ಹಚ್ಚಿದ. ಅಣ್ಣನ ಮೇವು ಸುಟ್ಟು ಬೂದಿ ಮಾಡುವಷ್ಟು ಹಗೆ ಇತ್ತು ಅವನಲ್ಲಿ. ಕೂಗು ಹಾಕದೆ ಹಚ್ಚುವ ಯೋಚನೆ ಮಾತ್ರ ಅವನ ತಲೆಯಲ್ಲಿ ಸುಳಿಯಲೇ ಇಲ್ಲ. ಕೆಂಚಣ್ಣ ಅದನ್ನು ಕಂಡ. ಕಂಡೂ, ಉರಿಯುವ ಬಣವೆಯ ಬೆಳಕಿನಲ್ಲೇ ತಮ್ಮನನ್ನು ಹಿಡಿದು ಪಕ್ಕೆಲುಬು ನಲುಗುವ ಹಾಗೆ ಒದ್ದ.

ಬೊಮ್ಮಲಿಂಗಪ್ಪ ಇಬ್ಬರನ್ನೂ ಕರೆಸಿದ. ಅವನ ಮಾತಿನಲ್ಲಿ ಅರ್ಧ ತೆಲುಗು ಬೆರೆಯುತ್ತಿತ್ತು. ಕೋಪ ಬಂದರೆ ಪೂರಾ ತೆಲುಗೇ. ಅವತ್ತು ಅರ್ಧಕ್ಕೇ ನಿಂತಿದ್ದ.

"ಒರೇ ಓಬಳೇಶ, ಕರಡ ನಿಂತಿರೋ ತನಕ ಹೊಲ ದೇವ್ರದು. ಹೋದ್ರೆ ನಿಮ್ದು. ಅದನ್ನ ನಾ ಬದಲಾಯ್ಸಾಕೆ ಆಗಲ್ಲ."

"ಹಂಗಾದ್ರೆ ಹೋಗ್ಲಿ ಬಿಡು ಮಾವ," ಅಂದ ಓಬಳೇಶ.

"ನನ್ ಹೆಣ ಬಿದ್ ಮ್ಯಾಲೆ," ಅಂದ ಕೆಂಚಣ್ಣ.

"ಅದೂ ಆಗ್ತೈತೆ ಬಿಡು."

ಪುಷ್ಯದಲ್ಲಿ ಕರಡ ಒಣಗಿ ಹೊಂಬಣ್ಣಕ್ಕೆ ತಿರುಗಿತು. ಬೀಜ ಉದುರಿತ್ತು. ಮುರಿದ ಕೈ ಇನ್ನೂ ಪೂರ್ತಿ ಕೂಡದಿದ್ದುದರಿಂದ ಕೊಯ್ಲು ತಡವಾಗಿತ್ತು. ಗಾಳಿ ಬೀಸಿದಾಗ ಇಡೀ ಹೊಲ ಸರಸರ ಸದ್ದು ಮಾಡುತ್ತಿತ್ತು, ಯಾರೋ ಹೊಸ ಸೀರೆ ಉಟ್ಟು ನಡೆದ ಹಾಗೆ. ಕೆಂಚಣ್ಣ ದಿನಾ ಬಂದು ಅಂಚಿನ ಬಂಡೆಯ ಮೇಲೆ ಕೂತು ಅದನ್ನು ಕೇಳುತ್ತಿದ್ದ. ನಾಳೆ ಶುರು ಮಾಡೋಣ, ಒಂದೇ ಕೈಯಲ್ಲಾದರೂ ಸರಿ, ಎಂದು ಕುಡುಗೋಲು ಮಸೆದಿಟ್ಟ ದಿನವೇ ಕೆಂಪು ಟ್ರ್ಯಾಕ್ಟರ್ ಬಂತು.

ಬಿಸಿಲು ನೆತ್ತಿಗೇರಿತ್ತು. ಕೆಂಚಣ್ಣ ಬುತ್ತಿ ಬಿಚ್ಚುತ್ತಿದ್ದ. ಪಡುವಣ ಬದುವಿನ ಕಡೆ ಇಂಜಿನ್ನಿನ ಸದ್ದು ಕೇಳಿ ಎದ್ದು ನೋಡಿದರೆ, ಬೇಲಿಯ ಮುಳ್ಳನ್ನು ಚಕ್ರದಡಿ ಅರೆದುಕೊಂಡು ಟ್ರ್ಯಾಕ್ಟರ್ ಒಳಗೆ ಬರುತ್ತಿತ್ತು. ಓಡಿಸುತ್ತಿದ್ದವನು ಜಾವೀದ್, ಚಳ್ಳಕೆರೆಯ ಮೆಕ್ಯಾನಿಕ್ ರಸೂಲ್ ಸಾಬರ ಮಗ. ಪರಶುರಾಂಪುರದವರು ಟ್ರ್ಯಾಕ್ಟರಿನ ಜೊತೆಗೇ ಗೊತ್ತು ಮಾಡಿ ಕಳಿಸಿದ್ದ ಡ್ರೈವರು. ಮಡ್‌ಗಾರ್ಡಿನ ಮೇಲೆ ಕೂತು ದಾರಿ ತೋರಿಸುತ್ತಿದ್ದವನು ಓಬಳೇಶ. ಹಿಂದಿನ ನೇಗಿಲಿನ ಕಬ್ಬಿಣದ ಕುಳಗಳು ನೆಲಕ್ಕೆ ಇಳಿದವು.

ಕೆಂಚಣ್ಣ ಓಡಿದ. ಹೊಲದ ಮೂಡಣ ಅಂಚಿನಿಂದ ಪಡುವಣದ ತನಕ ಬದು ಹಿಡಿದು ಓಡುವಷ್ಟರಲ್ಲಿ ಟ್ರ್ಯಾಕ್ಟರ್ ಹೋಗಿ ಬಂದು ಒಂದು ಪಟ್ಟೆ ಮಗುಚಿ ಹಾಕಿತ್ತು. ಅವನು ಎದುರಿಗೆ ನಿಂತ. ಜಾವೀದ್ ಬ್ರೇಕ್ ಒತ್ತಿದ. ಓಬಳೇಶ ಜಿಗಿದವನೇ, ಮಾತಿಲ್ಲ ಕತೆಯಿಲ್ಲ, ಅಣ್ಣನ ಕೂಡುತ್ತಿದ್ದ ಎಡಗೈಯನ್ನೇ ಹಿಡಿದು ತಿರುಚಿದ. ಒಳಗೆ ಏನೋ ಚಟ್ಟೆಂದಿತು. ಕೆಂಚಣ್ಣನ ಕಣ್ಣು ಕತ್ತಲಾಯಿತು. ಬಿದ್ದವನ ಸೊಂಟಕ್ಕೆ ಎರಡು ಒದೆ ಬಿದ್ದವು.

"ಮನೀಗ್ ಹೋಗು ಅಣ್ಣ. ಸಾಯಂಕಾಲದ ಹೊತ್ತಿಗೆ ಎಲ್ಲಾ ಮುಗೀತೈತೆ."

"ಭಾಯ್, ಇದೆಲ್ಲಾ ಬೇಡ, ನಾ ಹೋಗ್ತೀನಿ," ಅಂದ ಜಾವೀದ್ ಮೇಲಿನಿಂದ.

"ನೀ ಗಾಡಿ ಹೊಡೀ!"

ಟ್ರ್ಯಾಕ್ಟರ್ ಮತ್ತೆ ಕರಡದೊಳಗೆ ನುಗ್ಗಿತು. ಎತ್ತರದ ಹುಲ್ಲು ಅದರ ಹಿಂದೆ ಮುಚ್ಚಿಕೊಂಡಿತು. ಸದ್ದು ಮಾತ್ರ ಹೊಲದ ನಡುವಿಗೆ ಸರಿಯುತ್ತ ಹೋಯಿತು. ಕೆಂಚಣ್ಣ ಮಣ್ಣಿನಲ್ಲಿ ಬಿದ್ದಲ್ಲಿಂದಲೇ ಕತ್ತೆತ್ತಿ ನೋಡಿದ. ಅವನ ಮೂಗಿನ ಹತ್ತಿರವೇ ಒಂದು ಬುಡ ಬುಡಮೇಲಾಗಿ ಬಿದ್ದಿತ್ತು. ಬೇರುಗಳು ಆಕಾಶ ನೋಡುತ್ತಿದ್ದವು, ಬಿಳಿಯ ತುದಿಗಳಲ್ಲಿ ಇನ್ನೂ ಹಸಿ ಇತ್ತು. ಅದರ ಆಚೆ ಇನ್ನೊಂದು. ಮತ್ತೊಂದು. ಹಿಮ್ಮಡಿಯಿಂದ ಒತ್ತಿ ಒತ್ತಿ ನಿಲ್ಲಿಸಿದ ಬುಡಗಳು.

ಆಗ ಅವನಿಗೆ ಹೊಳೆಯಿತು. ಬೆಂಕಿ. ಬೆಂಕಿ ಕರಡವನ್ನು ಕೊಲ್ಲುವುದಿಲ್ಲ, ನೇಗಿಲು ಕೊಲ್ಲುತ್ತದೆ. ನಿಂತ ಹುಲ್ಲು ಸುಟ್ಟರೆ ಈ ವರ್ಷದ ಮೇವು ಹೋಗಬಹುದು, ಬೇರು ಉಳಿಯುತ್ತದೆ. ಟ್ರ್ಯಾಕ್ಟರ್ ಉಳಿಯುವುದಿಲ್ಲ.

ಅವನು ಎದ್ದ. ನೇತಾಡುವ ಕೈಯನ್ನು ಅಂಗಿಯೊಳಗೆ ತುರುಕಿಕೊಂಡು ಬಂದ ದಾರಿಯಲ್ಲೇ ಮೂಡಣ ಅಂಚಿಗೆ ನಡೆದ. ಪುಷ್ಯದ ಗಾಳಿ ಮೂಡಲಿಂದ ಬೀಸುತ್ತಿತ್ತು. ಅಷ್ಟರಲ್ಲಿ ಹೊಲದ ನಡುವೆ ಇಂಜಿನ್ನಿನ ಸದ್ದು ನಿಂತಿತು. ಕುಳಕ್ಕೆ ಹುಲ್ಲು ಸುತ್ತಿಕೊಂಡಿರಬೇಕು. ಕರಡ ಅಷ್ಟು ಸುಲಭಕ್ಕೆ ಬಗ್ಗುವ ಹುಲ್ಲಲ್ಲ. ಹೊಲವೆಲ್ಲ ಸದ್ದಡಗಿತು, ಒಂದು ಗೌಜಲಹಕ್ಕಿ ಕರೆಯುವುದು ಕೂಡ ಕೇಳುತ್ತಿತ್ತು. ಅಂಥ ನಿಶ್ಶಬ್ದದಲ್ಲಿ ಕೂಗಿದರೆ ಗುಡ್ಡದಾಚೆಗೂ ಕೇಳುತ್ತಿತ್ತು.

ಕೆಂಚಣ್ಣ ಬೀಡಿಯ ಕಡ್ಡಿಪೆಟ್ಟಿಗೆ ತೆಗೆದ. ಅಭ್ಯಾಸಬಲದಿಂದ ಬಾಯಿ ತೆರೆಯಿತು. ಕೂಗು ನಾಲಿಗೆಯ ತುದಿಗೆ ಬಂದೇ ಬಂತು. ಕೂಗಿದರೆ? ಕೂಗಿದರೆ ಅವರು ಎದ್ದು ಬರುತ್ತಾರೆ. ಟ್ರ್ಯಾಕ್ಟರನ್ನೂ ಹೊರಗೆ ತರುತ್ತಾರೆ. ನಾಳೆ ಮತ್ತೆ ಬರುತ್ತಾರೆ. ನಾಳೆ ಬೂದಿಯ ನೆಲವನ್ನು ಇನ್ನೂ ಸಲೀಸಾಗಿ ಉಳುತ್ತಾರೆ.

ಅವನು ಬಾಯಿ ಮುಚ್ಚಿದ. ಕಡ್ಡಿ ಗೀರಿದ.

ಒಣಗಿದ ಕರಡಕ್ಕೆ ಹತ್ತಿದ ಬೆಂಕಿ ನಡೆಯುವುದಿಲ್ಲ, ಓಡುತ್ತದೆ. ಅದು ಓಡಿದ ಸದ್ದಿಗೆ ಕೆಂಚಣ್ಣನೇ ಹಿಂದೆ ಸರಿದ. ಕಪ್ಪು ಹೊಗೆ ಮೊದಲು ನೆಲ ಹಿಡಿದು ಹೋಗಿ ಆಮೇಲೆ ಎದ್ದು ಸೂರ್ಯನನ್ನು ಮುಚ್ಚಿತು. ಮೊಲಗಳು ಹುಚ್ಚೆದ್ದು ಅವನ ಕಾಲಿಗೇ ಬಡಿದವು. ಒಂದರ ಬೆನ್ನು ಉರಿಯುತ್ತಿತ್ತು. ಅದನ್ನು ನೋಡಿದ. ಈಗ ಕೂಗಿದ. "ಒಳಗಿರೋ ಜೀವ..." ಬೆಂಕಿಯ ಅಬ್ಬರದಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ.

ಬದುವಿನುದ್ದಕ್ಕೂ ಓಡಿದ. ಪಡುವಣ ಕಡೆಯಿಂದ ಜಾವೀದ್ ಹೊರಗೆ ಬಿದ್ದ, ಕೆಮ್ಮುತ್ತ, ಒಂದು ಚಪ್ಪಲಿಯಲ್ಲಿ. ಅವನೊಬ್ಬನೇ.

"ಅವ್ನೆಲ್ಲಿ? ಲೇ ಜಾವೀದ, ನನ್ ತಮ್ಮ ಎಲ್ಲಿ?"

ಜಾವೀದ್ ಹಿಂದಕ್ಕೆ ಕೈ ತೋರಿಸಿದ. ಅದೇ ಹೊತ್ತಿಗೆ ಹೊಗೆಯ ಒಳಗಿನಿಂದ ಆ ದನಿ ಬಂತು. ಗುಡ್ಡಕ್ಕೆ ಬಡಿದು ವಾಪಸು ಬರುವ ದನಿ.

"ಅಣ್ಣಾ!"

ಕೆಂಚಣ್ಣ ಒಳಗೆ ನುಗ್ಗಿದ. ಅವನು ಏನು ಕಂಡ, ಎಲ್ಲಿ ಕಾಲಿಟ್ಟ ಎಂಬುದು ಆಮೇಲೆ ಅವನಿಗೆ ನೆನಪಿರಲಿಲ್ಲ. ಓಬಳೇಶ ಕುಳಗಳ ಅಡಿಯಲ್ಲಿ ಅಂಗಾತ ಸಿಕ್ಕಿಕೊಂಡಿದ್ದ. ಸುತ್ತಿದ ಹುಲ್ಲನ್ನು ಕೊಯ್ಯಲು ಮಲಗಿದವನ ಅಂಗಿ ಕಬ್ಬಿಣಕ್ಕೆ ಹೆಣೆದುಕೊಂಡಿತ್ತು. ಉರಿಯುವ ಹುಲ್ಲನ್ನು ಎರಡೂ ಕೈಯಲ್ಲಿ ಮುಖದಿಂದ ದೂರ ತಳ್ಳುತ್ತಿದ್ದ. ಬೆರಳುಗಳು ಕರಿದ ಕಡ್ಡಿಗಳ ಹಾಗೆ ಕಂಡವು. ಕೆಂಚಣ್ಣ ಒಂದೇ ಕೈಯಲ್ಲಿ ಅಂಗಿ ಹರಿದು, ಕಾಲು ಹಿಡಿದು ಎಳೆದ. ಟೈರು ಸಿಡಿಯಿತು. ತಮ್ಮನ ಕೂದಲಿನ, ಚರ್ಮದ ವಾಸನೆ ಅವನ ಗಂಟಲಿಗೆ ಇಳಿಯಿತು. ಉತ್ತ ಪಟ್ಟೆಯ ಮೇಲೂ ಮಗುಚಿದ ಹುಲ್ಲು ಉರಿಯುತ್ತಿತ್ತು, ಅದರ ಮೇಲೆಯೇ ಎಳೆದುಕೊಂಡು ಬಂದ.

ಚಳ್ಳಕೆರೆಯಲ್ಲಿ ನಮ್ಮ ಕೈಲಾಗದು ಅಂದರು, ದಾವಣಗೆರೆಯಲ್ಲಿ ಮಲಗಿಸಿಕೊಂಡರು. ಕೆಂಚಣ್ಣನಿಗೂ ಪಾದ, ಮೊಣಕಾಲು ಸುಟ್ಟಿದ್ದವು. ಪೊಲೀಸರು ಬಂದು ಕೇಳಿದಾಗ, ಬಟ್ಟೆ ಸುತ್ತಿದ ಮುಖದ ಒಳಗಿನಿಂದ ಓಬಳೇಶನೇ ಹೇಳಿದ, "ಸೈಲೆನ್ಸರ್ ಕಿಡಿ ಹಾರ್ತು ಸಾರ್." ಹಟ್ಟಿಯವರೂ ಅದನ್ನೇ ಹೇಳಿದರು. ಹಟ್ಟಿಯೊಳಗಿನ ಮಾತು ಬೇರೆ ಇತ್ತು. ದೇವರ ಹುಲ್ಲು ಉಳಿಸಲು ಕೆಂಚಣ್ಣ ಬೆಂಕಿ ಕೊಟ್ಟ, ಕೂಗು ಹಾಕಿಯೇ ಕೊಟ್ಟಿರುತ್ತಾನೆ, ಆಮೇಲೆ ತಮ್ಮನಿಗಾಗಿ ತಾನೇ ಬೆಂಕಿಗೆ ಬಿದ್ದ, ಎಂಥ ಗಂಡಸು! ದನ ಮೇಯಿಸುವ ಮುದುಕರು ಆಸ್ಪತ್ರೆಗೆ ಬಂದು ಕೆಂಚಣ್ಣನ ಕೈ ಮುಟ್ಟಿ ಹೋದರು. ಅವರು ಮುಟ್ಟಿದಾಗಲೆಲ್ಲ ಅವನಿಗೆ ಆ ಕೈಯನ್ನು ಕತ್ತರಿಸಿ ಎಸೆಯೋಣ ಅನ್ನಿಸುತ್ತಿತ್ತು.

ಜಾವೀದ್ ಒಂದು ಮಧ್ಯಾಹ್ನ ಬಂದ. ಮೋಸಂಬಿಯ ಚೀಲ ಹಿಡಿದು ಓಬಳೇಶನ ವಾರ್ಡಿನ ಬಾಗಿಲಲ್ಲಿ ನಿಂತವನು ಒಳಗೆ ಹೋಗಲಾರದೆ, ಹೊರಗಿನ ಬೆಂಚಿನ ಮೇಲೆ ಕೂತಿದ್ದ ಕೆಂಚಣ್ಣನ ಪಕ್ಕ ಬಂದು ಕೂತ.

"ಇಂಜಿನ್ ಬಂದ್ ಇತ್ತು ಕೆಂಚಣ್ಣ," ಅಂದ ಮೆಲ್ಲಗೆ. "ಅವ್ನು ಕೆಳಕ್ಕೆ ಮಲಗ್ತಾನೆ ಅಂತ ನಾನೇ ಬಂದ್ ಮಾಡಿದ್ದೆ. ಹುಲ್ಲು ಅಲ್ಲಾಡಿದ್ರೂ ಕೇಳ್ತಿತ್ತು. ಯಾವ ಕೂಗೂ ಬರ್ಲಿಲ್ಲ."

ಕೆಂಚಣ್ಣ ನೆಲ ನೋಡುತ್ತಿದ್ದ.

"ನಂಗೆ ಹೊಗೆ ವಾಸನೆ ಬಂತು. 'ಆಗ್ ಲಗೀ, ಭಾಗೋ! ಬೆಂಕಿ ಬಿದ್ದೈತೆ, ಓಡೋಣ' ಅಂದೆ. ಅವ್ನು ನಕ್ಬಿಟ್ಟ. ಆರಾಮಾಗಿ ಮಲಗ್ಕೊಂಡೇ ನಕ್ಕ. 'ಎಲ್ಲೋ ಯಾರೋ ಜಾಲಿ ಸುಡ್ತಾ ಅವ್ರೆ. ಈ ಹೊಲಕ್ಕೆ ಹಚ್ಚೋನು ನಮ್ಮಣ್ಣ ಒಬ್ನೇ. ನಮ್ಮಣ್ಣ ಕೂಗ್ದೆ ಕಡ್ಡಿ ಗೀರಲ್ಲ' ಅಂದ." ಜಾವೀದ್ ಮೋಸಂಬಿ ಚೀಲವನ್ನು ಬೆಂಚಿನ ಮೇಲಿಟ್ಟ. "ನಾ ಓಡ್ದೆ. ಅವ್ನು ಹುಲ್ಲು ಕೊಯ್ತಾನೇ ಇದ್ದ."

ಹೊರಗಿನವನಾದ ಜಾವೀದ್‌ಗೆ ಹೊಗೆ ಎಂದರೆ ಬೆಂಕಿ. ಹಟ್ಟಿಯವನಾದ ಓಬಳೇಶನಿಗೆ ಕೂಗಿಲ್ಲದ ಮೇಲೆ ಬೆಂಕಿಯೇ ಇಲ್ಲ. ಅಣ್ಣನ ಕೈ ಮುರಿದಿದ್ದ, ಅಣ್ಣನಿಂದ ಹಲ್ಲು ಕಳೆದುಕೊಂಡಿದ್ದ, ಆಗ ತಾನೇ ಅವನನ್ನು ಒದ್ದು ಬಂದಿದ್ದ; ಆದರೂ ಅಣ್ಣನ ಬಗ್ಗೆ ಅವನಿಗೆ ಅದೊಂದು ಧೈರ್ಯ ಇತ್ತು. ಕೆಂಚಣ್ಣ ಬೆಂಚಿನಿಂದ ಎದ್ದು ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡ. ನರ್ಸು ಓಡಿ ಬಂದು ಹಿಡಿದುಕೊಳ್ಳುವಷ್ಟರಲ್ಲಿ ಸುಣ್ಣದ ಮೇಲೆ ರಕ್ತ ಹತ್ತಿತ್ತು.

ಜಾವೀದ್ ಈ ಮಾತನ್ನು ಇನ್ಯಾರಿಗೂ ಹೇಳಲಿಲ್ಲ. ಹೇಳಬೇಕಾದವನಿಗೆ ಹೇಳಿ ಹೋಗಿದ್ದ.

ಓಬಳೇಶ ಮನೆಗೆ ಬಂದಾಗ ಬೇಸಿಗೆ ಮುಗಿಯುತ್ತ ಬಂದಿತ್ತು. ಮುಖದ ಒಂದು ಪಾರ್ಶ್ವ ಕರಗಿ ಕುತ್ತಿಗೆಗೆ ಅಂಟಿತ್ತು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಮುಷ್ಟಿಯಾಗಿಬಿಟ್ಟಿದ್ದವು. ಜ್ಯೋತಿಲಕ್ಷ್ಮಿ ತುತ್ತು ಮಾಡಿ ಬಾಯಿಗಿಡಬೇಕಿತ್ತು. ರೇಣುಕಮ್ಮ ಎರಡು ಒಲೆಯನ್ನು ಮತ್ತೆ ಒಂದು ಮಾಡಿದಳು. ಯಾರೂ ಯಾರನ್ನೂ ಬೈಯಲಿಲ್ಲ. ಆ ಮೌನಕ್ಕಿಂತ ಹಳೆಯ ಹೊಡೆದಾಟವೇ ಮೇಲಾಗಿತ್ತು ಎಂದು ಕೆಂಚಣ್ಣನಿಗೆ ಅನ್ನಿಸುತ್ತಿತ್ತು. ಒಂದು ಸಂಜೆ ಓಬಳೇಶ ತಾನಾಗಿಯೇ ಮಾತೆತ್ತಿದ.

"ನೀ ಕೂಗಿದ್ದು ನಂಗ್ ಕೇಳಿಸ್ಲಿಲ್ಲ ಅಣ್ಣ. ಹಾಳಾದ್ ಇಂಜಿನ್ ಸದ್ದು." ಕರಗಿದ ತುಟಿಯಿಂದ ಮಾತು ಒದ್ದೆಯಾಗಿ ಬರುತ್ತಿತ್ತು. "ನಂದೇ ತಪ್ಪು. ಬಂದ್ ಮಾಡು ಅನ್ಬೇಕಿತ್ತು ಅವ್ನಿಗೆ."

ಕೆಂಚಣ್ಣ ತಮ್ಮನ ಮುಖ ನೋಡಿದ. ಆ ಮುಖದಲ್ಲಿ ಸುಳ್ಳಿರಲಿಲ್ಲ. ಬೆಂಕಿಯಲ್ಲಿ ನೆನಪು ಕಲಸಿಹೋಗಿತ್ತೋ, ಬದುಕಲು ಅಂಥದ್ದೊಂದು ನೆನಪು ಬೇಕಿತ್ತೋ, ಅಂತೂ ಇಂಜಿನ್ ಓಡುತ್ತಿತ್ತೆಂದೇ ಅವನು ನಂಬಿದ್ದ.

ಮೊದಲ ಮಳೆ ಬಿತ್ತು. ಕಪ್ಪು ಬೂದಿಯ ನೆಲದಿಂದ ಕರಡ ಎದ್ದಿತು. ಅಷ್ಟು ಹಸಿರು ಆ ಹೊಲ ಯಾವತ್ತೂ ಕಂಡಿರಲಿಲ್ಲ. ಮಗುಚಿ ಬಿದ್ದು ಸುಟ್ಟ ಬುಡಗಳಲ್ಲಿ ಕೂಡ ಕೆಲವು, ಒಂದು ಪಕ್ಕದ ಬೇರು ನೆಲಕ್ಕೆ ತಾಗಿದ್ದರೆ ಸಾಕು, ಚಿಗುರಿದ್ದವು. ನಡುವೆ ಟ್ರ್ಯಾಕ್ಟರಿನ ಅಸ್ಥಿಪಂಜರ ತುಕ್ಕು ಹಿಡಿದು ನಿಂತಿತ್ತು. ಚಿಗುರು ಕಣಕಾಲು ದಾಟಿದ ಮೇಲೆ ಬೊಮ್ಮಲಿಂಗಪ್ಪ ದೇವರ ದನಗಳನ್ನು ಹೊಡೆದುಕೊಂಡು ಬಂದ. ಎಲುಬು ಎಣಿಸುವಂತಿದ್ದ ದನಗಳು ವಾಸನೆ ಹಿಡಿದು ಬೇಲಿಯ ಮುಳ್ಳಿಗೇ ಮೂತಿ ಒಡ್ಡುತ್ತಿದ್ದವು. ಹಟ್ಟಿಯೆಲ್ಲ ಸೇರಿತ್ತು. ಓಬಳೇಶನೂ ಬಂದು ಅಂಚಿನ ಬಂಡೆಯ ಮೇಲೆ ಕೂತಿದ್ದ, ಬಗಲಲ್ಲಿ ಊರುಗೋಲು ಇಟ್ಟುಕೊಂಡು.

ಬೊಮ್ಮಲಿಂಗಪ್ಪ ಮುಂದಿನ ಎತ್ತನ್ನು ನಿಲ್ಲಿಸಿ ಕೇಳಿದ, "ಕೂಗು ಹಾಕಿದ್ಯಾ ಕೆಂಚಣ್ಣ?"

ಕೆಂಚಣ್ಣ ಹಿಣಿಲ ಮೇಲೆ ಕೈಯಿಟ್ಟ. ಬಿಸಿ ಮೈ, ಮೈಯೊಳಗೆ ಉಸಿರು. ಒಂದು ಮಾತು. 'ಹಾಕಿದ್ದೆ' ಅಂದರೆ ಕರಡ ಉಳಿಯುತ್ತದೆ, ಅಪ್ಪನ ಬುಡ ಉಳಿಯುತ್ತದೆ, ದನ ಹೊಟ್ಟೆ ತುಂಬ ತಿನ್ನುತ್ತವೆ. ಅವನ ಕೈ ಹಿಣಿಲ ಮೇಲೇ ಉಳಿಯಿತು.

"ಹಾಕಿದ್ದ ಮಾವ," ಅಂದ ಬಂಡೆಯ ಮೇಲಿಂದ ಓಬಳೇಶ, ಎಲ್ಲರಿಗೂ ಕೇಳುವ ಹಾಗೆ. "ನಂಗೇ ಕೇಳಿಸ್ಲಿಲ್ಲ. ಬೇಲಿ ಸರಿಸ್ರಿ."

ಜನ ತಲೆದೂಗಿದರು. ಯಾರೋ ಮುಳ್ಳಿಗೆ ಕವೆಗೋಲು ಹಾಕಿದರು.

"ಹಾಕ್ಲಿಲ್ಲ," ಅಂದ ಕೆಂಚಣ್ಣ.

ಕವೆಗೋಲು ನಿಂತಿತು.

"ಇಂಜಿನ್ ಬಂದ್ ಇತ್ತು ಓಬಳೇಶ. ಕೂಗಿದ್ರೆ ನಿಂಗ್ ಕೇಳ್ತಿತ್ತು. ಬಾಯಿಗ್ ಬಂದಿತ್ತು, ನುಂಗ್ಕೊಂಡೆ. ಟ್ಯಾಕ್ಟ್ರು ಸುಡ್ಲಿ ಅಂತ ನುಂಗ್ಕೊಂಡೆ. ಒಳಗ್ ನೀನಿದ್ದೆ ಅಂತ ಗೊತ್ತಿತ್ತು."

ರೇಣುಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬೊಮ್ಮಲಿಂಗಪ್ಪ ಎತ್ತಿನ ಮೂಗುದಾರ ಹಿಡಿದು ಅದರ ಮುಖವನ್ನು ಹಸಿರಿನಿಂದ ಆಚೆ ತಿರುಗಿಸಿದ. ಅದು ಬರಲೊಲ್ಲದೆ ಕಾಲೂರಿ ಒರಲಿತು. ಹಿಂದಿನ ದನಗಳೂ ಒರಲಿದವು. ಹಾಗೆ ಒರಲುತ್ತಲೇ ಅವು ಹಟ್ಟಿಯ ಕಡೆಗೆ ತಿರುಗಿದವು. ದೇವರ ದನ ಮುಟ್ಟದ ಕರಡ ಇನ್ನು ದೇವರದಲ್ಲ. ನಾಳೆಯೇ ಬೇಕಾದರೂ ಉತ್ತುಹಾಕಬಹುದು.

ಓಬಳೇಶ ಬಂಡೆಯಿಂದ ಇಳಿದು ಬಂದ. ಅವನ ಕಣ್ಣಿನಲ್ಲಿ ಹೊಲ ಇರಲಿಲ್ಲ, ಶೇಂಗಾ ಇರಲಿಲ್ಲ. ಅಣ್ಣನ ಎದುರಿಗೆ ನಿಂತು, ಎರಡೂ ಮುಷ್ಟಿಗಳ ನಡುವೆ ಊರುಗೋಲನ್ನು ಒತ್ತಿ ಹಿಡಿದು ಬೀಸಿದ. ಏಟು ಕೆಂಚಣ್ಣನ ಕಿವಿಯ ಮೇಲೆ ಬಿತ್ತು. ಮತ್ತೊಂದು ಬಾಯಿಯ ಮೇಲೆ, ಹಲ್ಲು ಸಡಿಲಾಯಿತು. ಕೆಂಚಣ್ಣ ಕೈ ಎತ್ತಲಿಲ್ಲ. ಬಿಡಿಸಲು ಬಂದವರನ್ನು ಜ್ಯೋತಿಲಕ್ಷ್ಮಿಯೇ ತಡೆದಳು. ಮೂರನೆಯ ಏಟಿಗೆ ಕೋಲು ಬೆರಳು ಬಿಚ್ಚದ ಕೈಗಳಿಂದ ಜಾರಿ ಕರಡದ ಚಿಗುರಿನ ಮೇಲೆ ಬಿತ್ತು. ಓಬಳೇಶ ಬಗ್ಗಿದ. ಎತ್ತಿಕೊಳ್ಳಲು ನೋಡಿದ. ಕೋಲು ಸಿಕ್ಕುತ್ತಿತ್ತು, ಜಾರುತ್ತಿತ್ತು. ಅವನು ಅಳುತ್ತಿದ್ದ, ಮತ್ತೆ ಮತ್ತೆ ಮಣ್ಣು ಕೆದರುತ್ತಿದ್ದ.

ಕೆಂಚಣ್ಣ ಕೂತು ಆ ಕೋಲನ್ನು ಎತ್ತಿದ. ತಮ್ಮನ ಎರಡು ಮುಷ್ಟಿಗಳ ನಡುವೆ ಇಟ್ಟು, ಬೀಳದ ಹಾಗೆ ಒತ್ತಿ ಕೊಟ್ಟ. ಆಮೇಲೆ ಮೊದಲು ನಿಂತಿದ್ದ ಜಾಗಕ್ಕೇ ಹೋಗಿ, ತಮ್ಮನ ಕಡೆ ಮುಖ ಮಾಡಿ ನಿಂತುಕೊಂಡ.